ಟ್ಯಾಂಕಿನೊಳಗಿನ ಪಂಪು

ಮೂರನೇ ಸಲ ಕೀಲಿ ತಿರುಗಿಸಿದಾಗಲೂ ಲಾರಿ ಎರಡು ಬಾರಿ ಕೆಮ್ಮಿ ಸುಮ್ಮನಾಯಿತು. ಮಗಳು ಕೆಳಗೆ ಹಾರಿ ಬಾನೆಟ್ಟಿನೊಳಗೆ ಇಣುಕಿದಳು. ಕಾರ್ಬ್ಯುರೇಟರಿನಿಂದ ಪೆಟ್ರೋಲು ಉಕ್ಕಿ, ಎಂದಿನಂತೆ ಇಂಜಿನ್ನಿನ ಮೈಮೇಲೆಲ್ಲ ಇಳಿಯುತ್ತಿತ್ತು.

"ಸಾಕು ಬಿಡಮ್ಮಾ," ಎಂದ ಚಿಕ್ಕಪ್ಪ. "ಬಾಡಿಗೆ ವ್ಯಾನು ಗೇಟಿನ ಹತ್ರ ನಿಂತಿದೆ. ಅಣ್ಣನ್ನ ಅದರಲ್ಲೇ ಸ್ಮಶಾನಕ್ಕೆ ಕರ್ಕೊಂಡು ಹೋಗೋಣ."

"ಅಪ್ಪ ಇದರಲ್ಲೇ ಹೋಗೋದು."

"ಹಠ ನೋಡು. ಥೇಟ್ ಅವನದೇ."

ಹಠವೂ ಅಲ್ಲ, ಮಣ್ಣೂ ಅಲ್ಲ. ಅವಳನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಬೇರೆ. ಮೊನ್ನೆ ಸಂಜೆ ಅವಳು ಸಾಯುತ್ತಿದ್ದ ಅಪ್ಪನಿಗೆ ಒಂದು ಸುಳ್ಳು ಹೇಳಿದ್ದಳು. ಅವನನ್ನು ಹೊತ್ತು ಈ ಲಾರಿ ಇವತ್ತಾದರೂ ಹೊರಟರೆ ಆ ಸುಳ್ಳು ಅರ್ಧವಾದರೂ ನಿಜವಾದೀತು ಎಂಬ ಆಸೆ ಅವಳದು.

*

ಅಪ್ಪನ ಮೂವತ್ತು ವರ್ಷದ ಪೆಟ್ರೋಲ್ ಲಾರಿ ಅದು, ಇಂಜೆಕ್ಷನ್ ಇಂಜಿನ್ನು. ಪೆಟ್ರೋಲು ಯಾವಾಗ, ಎಷ್ಟು ಬಿಡಬೇಕೆಂದು ಹೇಳುವ ಕಂಪ್ಯೂಟರ್ ಡಬ್ಬಿಯೊಂದು ಅದರಲ್ಲಿತ್ತು. ಎರಡು ವರ್ಷದ ಹಿಂದೆ ಆ ಡಬ್ಬಿ ಕೈಕೊಟ್ಟಿತು. ಹೊಸದು ಎಲ್ಲೂ ಸಿಗಲಿಲ್ಲ.

"ನಾನೇ ಬಿಚ್ಚಿ ಸರಿ ಮಾಡ್ತೀನಿ, ಆರು ತಿಂಗಳು ಕೊಡು," ಅಂದಿದ್ದ ಎಲೆಕ್ಟ್ರಿಷಿಯನ್. ಅವನೂ ಮೆಕ್ಯಾನಿಕ್ ಆಗಿದ್ದ ಅಪ್ಪನೂ ಒಂದೇ ಗ್ಯಾರೇಜ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವರು.

"ಡಬ್ಬಿ ಮಾತು ಕೇಳೋ ಇಂಜಿನ್ನು ನಂಗೆ ಬೇಡ. ಇಂಜೆಕ್ಷನ್ ಕಿತ್ತು, ತಾನೇ ಪೆಟ್ರೋಲು-ಗಾಳಿ ಬೆರೆಸೋ ಹಳೇ ಕಾಲದ ಕಾರ್ಬ್ಯುರೇಟರ್ ಕೂರಿಸ್ತೀನಿ."

"ಮುಂದಕ್ಕೆ ಹೋಗೋದು ಬಿಟ್ಟು ಹಿಂದಕ್ಕೆ ಹೋಗ್ತೀಯಲ್ಲೋ, ತಲೆ ಕೆಟ್ಟಿದೆಯಾ?"

ಅಷ್ಟೇ. ಮಾತು ನಿಂತಿತು. ಎಲೆಕ್ಟ್ರಿಷಿಯನ್ ರಸ್ತೆಯಾಚೆ ಬೇರೆ ಅಂಗಡಿ ಹಾಕಿದ. ಇಬ್ಬರೂ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡದೆ ಎರಡು ವರ್ಷ ಕಳೆದರು. ಎಳೆ ಮಕ್ಕಳೇ ವಾಸಿ.

ಆಮೇಲೆ ಅಪ್ಪ ಆಸ್ಪತ್ರೆ ಸೇರಿದ. ಕಾರ್ಬ್ಯುರೇಟರ್ ಕೂರಿಸುವ ಕೆಲಸ ಇನ್ನೇನು ಮುಗಿಯುವುದರಲ್ಲಿತ್ತು. ಹಾಸಿಗೆಯಿಂದಲೇ ಫೋನಿನಲ್ಲಿ ಅವನು ಹೇಳುವುದು, ಬಸ್ ಓಡಿಸುವ ಮಗಳು ಡ್ಯೂಟಿ ಮುಗಿಸಿ ಬಂದು ಮಾಡುವುದು. ಕಾರ್ಬ್ಯುರೇಟರಿನ ಫ್ಲೋಟ್ ನೋಡು ಅಂದ, ನೋಡಿದಳು. ಪೆಟ್ರೋಲು ಬಿಡುವ ಜೆಟ್ ಬದಲಾಯಿಸು ಅಂದ, ಬದಲಾಯಿಸಿದಳು. ಪೆಟ್ರೋಲು ಉಕ್ಕುವುದು ಮಾತ್ರ ನಿಲ್ಲಲಿಲ್ಲ. ತನ್ನ ಕೈಯೇ ಸರಿಯಿಲ್ಲ ಎಂದುಕೊಂಡಳು.

ಮೊನ್ನೆ ಅಪ್ಪನ ದನಿ ತೀರಾ ಸೋತಿತ್ತು. "ಒಂದ್ಸಲ ಕೇಳಿಸು ಮಗಾ."

ಅವಳು ಪಕ್ಕದ ಬೀದಿಗೆ ಓಡಿ, ನಿಂತಲ್ಲೇ ಗುರುಗುಟ್ಟುತ್ತಿದ್ದ ಹಾಲಿನವನ ಗಾಡಿಯ ಮುಂದೆ ಫೋನು ಹಿಡಿದಳು. "ಸ್ಟಾರ್ಟ್ ಆಯ್ತಪ್ಪಾ."

ಅಪ್ಪ ಕಿವಿಗೊಟ್ಟು ಕೇಳಿದ. "ಚೆನ್ನಾಗಿದೆ," ಎಂದ ಆಮೇಲೆ. ಮಾರನೇ ದಿನ ಬೆಳಕು ಹರಿಯುವಾಗ ಹೋಗಿಬಿಟ್ಟ.

*

ಗೇಟು ದಾಟಿ ಬಂದ ಎಲೆಕ್ಟ್ರಿಷಿಯನ್ನನ್ನು ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಯಾರನ್ನೂ ಲೆಕ್ಕಿಸದೆ ಒಳಗೆ ಹೋಗಿ, ಅಪ್ಪನ ಶವಪೆಟ್ಟಿಗೆಯ ಪಕ್ಕ ಒಂದು ಗಳಿಗೆ ನಿಂತು, ನೇರ ಲಾರಿಯ ಹತ್ತಿರ ಬಂದ. ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಸಣ್ಣ ಪಂಪಿತ್ತು.

"ಟ್ಯಾಂಕಿನೊಳಗಿನ ಪಂಪು ತೆಗೆದ್ಯೇನಮ್ಮಾ?"

"ಟ್ಯಾಂಕಿನೊಳಗಾ? ಅಪ್ಪ ಹೇಳಲೇ ಇಲ್ವಲ್ಲ."

"ಹೇಗೆ ಹೇಳ್ತಾನೆ? ಅವನು ಕೆಲಸ ಕಲಿತ ಗಾಡಿಗಳಲ್ಲಿ ಪಂಪು ಇಂಜಿನ್ನಿನ ಪಕ್ಕದಲ್ಲೇ ಇರ್ತಿತ್ತು. ಇದರದ್ದು ಟ್ಯಾಂಕಲ್ಲಿ ಕೂತು ಹತ್ತು ಪಟ್ಟು ಜೋರಾಗಿ ತಳ್ಳುತ್ತೆ. ಬೆಂಕಿ ಆರಿಸೋ ಪೈಪಲ್ಲಿ ಕೂಸಿಗೆ ಹಾಲು ಕುಡಿಸಿದ ಹಾಗೆ. ಉಕ್ಕದೆ ಇನ್ನೇನಾಗುತ್ತೆ?"

"ನಿಮಗ್ಯಾರು ಹೇಳಿದ್ದು ಉಕ್ತಿದೆ ಅಂತ?"

ಅವನು ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ನೋಡಿದ. ಅಮ್ಮ ಮೆಟ್ಟಿಲಿಳಿದು ಬಂದಳು.

"ಮೊನ್ನೆ ನಿನ್ನ ಫೋನು ಇಟ್ಟ ಮೇಲೆ ನಿಮ್ಮಪ್ಪ ಒಂದೇ ಸಮ ನಕ್ಕರು ಕಣೇ. 'ಅದು ಹಾಲಿನವನ ಡೀಸೆಲ್ ಗಾಡಿ. ಡೀಸೆಲ್ ಯಾವುದು, ಪೆಟ್ರೋಲ್ ಯಾವುದು ಅಂತ ಗೊತ್ತಾಗದೇ ಇರೋಕೆ ನಾನೇನು ಸತ್ತಿದ್ದೀನಾ' ಅಂದ್ರು." ಅಮ್ಮನಿಗೆ ಈಗಲೂ ನಗು ಬಂತು, ನಗುವಿನ ಜೊತೆಗೇ ಕಣ್ಣೀರೂ ಬಂತು. "ಆಮೇಲೆ ಸೂರು ನೋಡ್ತಾ ಮಲಗಿದ್ರು. 'ನನ್ನ ಮಗಳು ಸುಳ್ಳು ಹೇಳೋ ಹಾಗಾಗಿದೆ ಅಂದ್ರೆ ಎಲ್ಲಾ ಮಾಡಿ ಸೋತಿದ್ದಾಳೆ. ತಪ್ಪು ಅವಳ ಕೈಯದ್ದಲ್ಲ, ನಾನೇ ಏನೋ ಮರೆತಿದ್ದೀನಿ' ಅಂತ. ದೀಪ ಹಾಕೋ ಹೊತ್ತಿಗೆ 'ಅಯ್ಯೋ, ಪಂಪು' ಅಂದ್ರು. ಇವರಿಗೆ ಹೇಳಿ ಕಳಿಸು ಅಂದ್ರು, ರಾತ್ರಿಯೇ ಹೇಳಿ ಕಳಿಸಿದೆ. ಎರಡು ವರ್ಷದ ಮೇಲೆ ಇವರ ಸುದ್ದಿ ಎತ್ತಿದ್ದು ಅದೇ ಮೊದಲು."

"ನಂಗ್ಯಾಕಮ್ಮಾ ಹೇಳಲಿಲ್ಲ?"

"ಗಾಡಿ ಹೊರಟ ಮೇಲೆ ಹೇಳು, ಈಗ ಹೇಳಿದ್ರೆ ನಾಚ್ಕೊಂಡು ಸಾಯ್ತಾಳೆ ಅಂದಿದ್ರು. ಬೆಳಗಾಗೋದ್ರೊಳಗೆ ಹೀಗಾಯ್ತು. ನಂಗೆ ಯಾವುದು ನೆನಪಿತ್ತು ಹೇಳು."

ಮಗಳು ಲಾರಿಯ ಮೆಟ್ಟಿಲ ಮೇಲೆ ಕೂತಳು. ಅಪ್ಪ ಮೋಸಹೋಗಿ ಸತ್ತಿರಲಿಲ್ಲ. ಅವಳ ಸುಳ್ಳನ್ನೇ ಹಿಡಿದು ಇಂಜಿನ್ನಿನ ರೋಗ ಪತ್ತೆ ಮಾಡಿ, ನಗುತ್ತಲೇ ಹೋಗಿದ್ದ. ಅವಳು ಜೋರಾಗಿಯೇ ಅತ್ತಳು. ಅತ್ತದ್ದು ಹಿತವಾಗಿತ್ತು.

"ಅಳೋದು ಆಮೇಲೆ. ಸ್ಪ್ಯಾನರ್ ಕೊಡು," ಎಂದ ಎಲೆಕ್ಟ್ರಿಷಿಯನ್.

ಹಳೇ ಪಂಪನ್ನು ಟ್ಯಾಂಕಿನಿಂದ ಎಳೆದು ಹಾಕಿ, ಅದರ ಜಾಗಕ್ಕೆ ಬರೀ ಪೈಪು ಇಳಿಬಿಟ್ಟು, ಸಣ್ಣ ಪಂಪನ್ನು ಹೊರಗೆ ಕೂರಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಕೀಲಿ ತಿರುಗಿಸಿದಳು. ಲಾರಿ ಒಮ್ಮೆ ಕೆಮ್ಮಿತು, ನಡುಗಿತು, ಆಮೇಲೆ ಒಂದೇ ಹದದಲ್ಲಿ ಓಡತೊಡಗಿತು. ಚಿಕ್ಕಪ್ಪ ಹೋಗಿ ಬಾಡಿಗೆ ವ್ಯಾನನ್ನು ವಾಪಸು ಕಳಿಸಿದ.

ಪೆಟ್ಟಿಗೆಯನ್ನು ಹಿಂದೆ ಏರಿಸಿದರು. ಅದರ ಪಕ್ಕ ಕೂರಲು ಎಲೆಕ್ಟ್ರಿಷಿಯನ್ ಒಬ್ಬನೇ ಹತ್ತಿದ. ಅಮ್ಮ ಮುಂದೆ ಕೂತಳು.

ತಿರುವು ದಾಟಿದ ಮೇಲೆ ಮಗಳು ಕನ್ನಡಿ ನೋಡಿದಳು. ಎಲೆಕ್ಟ್ರಿಷಿಯನ್ ಪೆಟ್ಟಿಗೆಯ ಕಡೆ ಬಾಗಿ, ಇಂಜಿನ್ನಿನತ್ತ ಬೆರಳು ತೋರಿಸುತ್ತ ಏನೋ ವಾದಿಸುತ್ತಿದ್ದ. ನಡುವೆ ಸುಮ್ಮನಾಗಿ, ಉತ್ತರ ಕೇಳಿಸಿಕೊಂಡವನಂತೆ, ಇಲ್ಲ ಇಲ್ಲ ಎಂದು ತಲೆಯಾಡಿಸಿದ. ಅವಳು ಹತ್ತಿರದ ದಾರಿ ಬಿಟ್ಟು, ಸುತ್ತಿನ ದಾರಿಗೆ ಲಾರಿ ತಿರುಗಿಸಿದಳು.