ಲೀಟರಿಗೆ ಹದಿಮೂರು

ಒಂದೇ ಮಾದರಿಯ ಕಾರು, ಒಂದೇ ರಸ್ತೆ, ಒಂದೇ ಬಂಕಿನ ಪೆಟ್ರೋಲು. ವೆಂಕಟೇಶನ ಕಾರು ಲೀಟರಿಗೆ ಹದಿನೆಂಟು ಕಿಲೋಮೀಟರು ಓಡುತ್ತದೆ, ನನ್ನದು ಹದಿಮೂರು. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಲೋಕದಲ್ಲಿ ಇನ್ನೊಂದಿದ್ದರೆ ಯಾರಾದರೂ ಹೇಳಲಿ.

ವೆಂಕಟೇಶ ನಮ್ಮ ಪಕ್ಕದ ಮನೆಯವನು. ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಇಬ್ಬರ ಕೆಲಸವೂ ನಲವತ್ತು ಕಿಲೋಮೀಟರು ದೂರದ ಹೊನ್ನಾಳಿಯಲ್ಲಿ. ನಾನು, ಕೆಂಚೇಶ, ಸಹಕಾರ ಸಂಘವೊಂದರಲ್ಲಿ ಗುಮಾಸ್ತ, ಅವನು ಗೊಬ್ಬರದಂಗಡಿಯ ಮ್ಯಾನೇಜರು. ಒಟ್ಟಿಗೇ ಹೋಗಿ ಬರುತ್ತೇವೆ: ಸೋಮವಾರ, ಬುಧವಾರ, ಶುಕ್ರವಾರ ನನ್ನ ಕಾರು. ಮಿಕ್ಕ ಮೂರು ದಿನ ಅವನದು. ಅವನ ಸರದಿಯ ದಿನ ನನ್ನ ಕಾರು ಮನೆಯ ಮುಂದೆ ಹೊದಿಕೆ ಹೊದ್ದು ಮಲಗಿರುತ್ತದೆ. ಹಾಗಂತ ನಾನು ತಿಳಿದಿದ್ದೆ.

ದಸರಾ ಕಳೆದು ಹದಿನೈದು ದಿನಕ್ಕೆ ಮೈಲೇಜು ಬೀಳಲು ಶುರುವಾಯಿತು. ಹದಿನೆಂಟಿದ್ದದ್ದು ಹದಿನಾರಾಯಿತು, ಹದಿನಾಲ್ಕಾಯಿತು, ಹದಿಮೂರಕ್ಕೆ ಬಂದು ಕೂತಿತು. ನಮ್ಮ ಮಾದರಿಯ ಕಾರಿನ ಮಾಲೀಕರದೇ ಒಂದು ವಾಟ್ಸಾಪ್ ಗುಂಪಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನೂರ ನಲವತ್ತು ಜನ ಅದರಲ್ಲಿದ್ದಾರೆ. ಅಲ್ಲಿ ಒಂದು ವಾರದ ಓಟದ ಮೀಟರಿನ ಫೋಟೋ ಹಾಕಿ ನನ್ನ ಗೋಳು ಹೇಳಿಕೊಂಡೆ. ಹೇಳಿಕೊಳ್ಳಬಾರದಿತ್ತು.

ಟಯರಿನ ಗಾಳಿ ನೋಡಿ ಎಂದರು, ನೋಡಿಸಿದೆ. ಏರ್ ಫಿಲ್ಟರ್ ಬದಲಿಸಿ ಎಂದರು, ಬದಲಿಸಿದೆ. ಸ್ಪಾರ್ಕ್ ಪ್ಲಗ್ ಎಂದರು, ನಾಲ್ಕನ್ನೂ ಹೊಸದು ಹಾಕಿಸಿದೆ. ಬ್ರೇಕು ಹಿಡಿದುಕೊಂಡಿರಬೇಕು, ಗಾಲಿ ಮುಟ್ಟಿ ನೋಡಿ, ಬಿಸಿ ಇದೆಯಾ ಎಂದರು; ಮುಟ್ಟಿದೆ, ತಣ್ಣಗಿತ್ತು. ಒಬ್ಬ ಮಹಾನುಭಾವ, ಬೆಳಗಿನ ಜಾವದ ಪೆಟ್ರೋಲು ಗಟ್ಟಿಯಾಗಿರುತ್ತದೆ, ಆಗಲೇ ಹಾಕಿಸಿ ಎಂದ. ನಡುಗುವ ಚಳಿಯಲ್ಲಿ ಬಂಕಿನ ಬಾಗಿಲಲ್ಲಿ ನಿಂತೆ. ಇನ್ನೊಬ್ಬ, ಭಾರ ಇಳಿಸಿ ಎಂದ. ಸ್ಟೆಪ್ನಿ, ಜಾಕು ಎರಡನ್ನೂ ಇಳಿಸಿ ಮನೆಯಲ್ಲಿಟ್ಟೆ. ಮೂರನೇ ದಿನ ನಡುದಾರಿಯಲ್ಲಿ ಪಂಕ್ಚರು. ಅವತ್ತು ಸಂಜೆ ನನ್ನ ಹೆಂಡತಿ ಚೈತ್ರಶ್ರೀ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದನ್ನು ನಾನು ಮರೆತಿಲ್ಲ.

ಸಾಲದ್ದಕ್ಕೆ ಸೀಟಿನ ಕಾಟ ಬೇರೆ. ಬೆಳಿಗ್ಗೆ ಕಾರು ಹತ್ತಿದರೆ ಮೊಣಕಾಲು ಸ್ಟೀರಿಂಗಿಗೆ ಬಡಿಯುತ್ತಿತ್ತು. ಡ್ರೈವರ್ ಸೀಟು ತಾನೇ ಮುಂದೆ ಸರಿದಿರುತ್ತಿತ್ತು. ಅದರ ಲಾಕು ಸಡಿಲಾಗಿದೆ ಎಂದು ತೀರ್ಮಾನಿಸಿದೆ.

ದಸರಾ ಹೊತ್ತಿಗೆ ಈ ಕಾರಿನ ಇಂಜಿನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಸ್ವಚ್ಛ ಮಾಡಿದವನು ಕಲೀಮುಲ್ಲಾ. ಹೊನ್ನಾಳಿಯ ಸೇತುವೆ ಹತ್ತಿರ ಅವನ ಗ್ಯಾರೇಜು. ನನ್ನ ಮೊಪೆಡ್ಡಿನ ಕಾಲದಿಂದ, ಹದಿನೈದು ವರ್ಷ, ನನ್ನ ಗಾಡಿ ಮುಟ್ಟಿದವನು ಅವನೊಬ್ಬನೇ. ಆರಡಿ ಎತ್ತರದ ಆಳು, ಮಾತು ಕಡಿಮೆ. ನನ್ನನ್ನು ಅಣ್ಣಾ ಎನ್ನದೆ ಬಾಯಿ ತೆರೆದವನಲ್ಲ. ಅವನೂ ನಮ್ಮ ಗುಂಪಿನಲ್ಲಿದ್ದ; ಅವನ ಗ್ಯಾರೇಜು ನಡೆಯುವುದೇ ಗುಂಪಿನವರ ಗಾಡಿಗಳಿಂದ.

ಮೂರು ಸಲ ಅವನ ಹತ್ತಿರ ಹೋದೆ. ಮೂರು ಸಲವೂ ಕಾರಿನಡಿ ಮಲಗಿ, ಆಕ್ಸಲ್ಲಿಗೆ ಸುತ್ತಿಕೊಂಡಿದ್ದ ರಾಗಿ ಹುಲ್ಲನ್ನು ಹಿಡಿಹಿಡಿಯಾಗಿ ಎಳೆದು ಹಾಕಿದ.

"ಅಣ್ಣಾ, ಗಾಡಿಯಾಗೆ ಏನೂ ತೊಂದ್ರೆ ಇಲ್ಲ. ಎಲ್ಲಿ ಓಡ್ತೈತೆ, ಹೆಂಗೆ ಓಡ್ತೈತೆ, ಅದನ್ನ ಒಸಿ ನೋಡ್ರಿ."

"ಎಲ್ಲಿ ಓಡ್ತೈತೆ ಅಂದ್ರೆ? ರಸ್ತೆ ತುಂಬಾ ಜನ ರಾಗಿ ಹಾಸ್ಯಾರೆ, ಹಾರಿಸ್ಕೊಂಡು ಬರಾಕಾಗ್ತೈತೇನು?"

ಅವನು ಕೈಯಲ್ಲಿದ್ದ ಹುಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹುಲ್ಲನ್ನು ಮೂಲೆಗೆ ಎಸೆದ. ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಹೆಂಗೆ ಓಡಿಸ್ತೀರಿ ನೋಡ್ಕೊಳ್ರಿ ಎನ್ನುತ್ತಾನಲ್ಲ ಎಂದು ನನಗೆ ಮೈ ಉರಿಯಿತು. ದಾರಿಯುದ್ದಕ್ಕೂ ಅದೇ ಯೋಚನೆ. ಇಂಜೆಕ್ಟರು ಬಿಚ್ಚಿದವನು ಇವನು. ಬಿಚ್ಚಿದ ಮೇಲೆ ಮೈಲೇಜು ಬಿತ್ತು. ಕೇಳಿದರೆ ಗಾಡಿ ಸರಿ ಇದೆ ಎನ್ನುತ್ತಾನೆ. ಮನೆ ಮುಟ್ಟುವಷ್ಟರಲ್ಲಿ ನನಗೆ ಎಲ್ಲ ಹೊಳೆದುಹೋಗಿತ್ತು. ಗುಂಪಿಗೆ ಬರೆದೆ: "ನನ್ನ ಒಳ್ಳೆಯ ಇಂಜೆಕ್ಟರು ತೆಗೆದು ಯಾರದೋ ಹಳೆಯದು ಹಾಕಿದ್ದಾನೆ ಕಲೀಮುಲ್ಲಾ. ಸೀಟಿನ ಲಾಕೂ ಕೆಡಿಸಿದ್ದಾನೆ. ಎಲ್ಲರೂ ಹುಷಾರಾಗಿರಿ."

ಮರುದಿನವೇ ನ್ಯಾಮತಿಯ ಇಬ್ಬರು ಅವನಲ್ಲಿ ಬಿಟ್ಟಿದ್ದ ಗಾಡಿಗಳನ್ನು ವಾಪಸು ತಂದರು. ಗುಂಪಿನ ಹಿರಿಯ, ಜಗಳೂರಿನ ಈರುಳ್ಳಿ ವ್ಯಾಪಾರಿ ಬಸವರಾಜಪ್ಪನವರು ಧ್ವನಿ ಸಂದೇಶ ಹಾಕಿದರು: "ಸುಮ್ಸುಮ್ನೆ ಒಬ್ಬರ ಹೆಸರು ಕೆಡಿಸಬ್ಯಾಡ್ರಪ್ಪ. ಭಾನುವಾರ ಹೊನ್ನಾಳಿಗೆ ನಾನೇ ಬರ್ತೀನಿ. ಟ್ಯಾಂಕ್ ತುಂಬಿಸಿ ಓಡಿಸಿ ನೋಡಾಣ. ಕೆಂಚೇಶ್ ಹೇಳಿದ್ದು ನಿಜ ಆದ್ರೆ ಕಲೀಮುಲ್ಲಾನ ಹತ್ರ ಯಾರೂ ಗಾಡಿ ಬಿಡಾಂಗಿಲ್ಲ. ಸುಳ್ಳಾದ್ರೆ ಕೆಂಚೇಶ್ ಎಲ್ಲರೆದುರಿಗೆ ತಪ್ಪಾತು ಅನ್ನಬೇಕು."

ಶುಕ್ರವಾರ ಕೆಲಸಕ್ಕೆ ಹೋದಾಗ ಕಲೀಮುಲ್ಲಾ ನಮ್ಮ ಸಂಘದ ಮುಂದೆಯೇ ಬಂದು ನಿಂತಿದ್ದ. ಬಾನೆಟ್ ತೆಗೆಸಿ, ಐದು ನಿಮಿಷ ಒಳಗೆ ನೋಡಿ, ಮುಚ್ಚಿದ. ಗ್ಯಾರೇಜಿನ ಕಡೆ ನಡೆದ.

ಭಾನುವಾರ ಹತ್ತಿಪ್ಪತ್ತು ಜನ ಸೇರಿದ್ದರು. ಬಂಕಿನಲ್ಲಿ ಟ್ಯಾಂಕು ತುಳುಕುವಂತೆ ತುಂಬಿಸಿದೆವು. ಕಲೀಮುಲ್ಲಾ ಓಡಿಸುವುದು ಬೇಡ, ಅವನಿಗೆ ಎಲ್ಲ ಮಸಲತ್ತೂ ಗೊತ್ತು ಎಂದೆ. ಅವನು ತಕರಾರು ಮಾಡದೆ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತ. ಬಸವರಾಜಪ್ಪ ಸ್ಟೀರಿಂಗು ಹಿಡಿದರು, ನಾನು ಪಕ್ಕದಲ್ಲಿ. ನ್ಯಾಮತಿ ದಾಟಿ ಸವಳಂಗದವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸು ಬಂದೆವು. ನ್ಯಾಮತಿ ಹತ್ತಿರ ಅವರು ಬೇಕೆಂದೇ ಗಕ್ಕನೆ ಬ್ರೇಕು ಹಾಕಿದರು. ನನ್ನ ಹಣೆ ಗಾಜಿಗೆ ತಾಗುವುದರಲ್ಲಿತ್ತು. ಅವರ ಸೀಟು ಒಂದು ಬೆರಳೂ ಸರಿಯಲಿಲ್ಲ.

"ಲಾಕು ಕಲ್ಲಿನಂಗೈತಲ್ರೀ," ಎಂದರು.

ಬಂಕಿಗೆ ಬಂದು ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ ಲೀಟರಿಗೆ ಹದಿನೆಂಟೂವರೆ. ಸಂತೋಷಪಡಬೇಕಾಗಿತ್ತು ನಾನು. ಆದರೆ ನನ್ನ ಕಾರೇ ನನ್ನ ಮಾನ ಕಳೆದಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಆಗ ವೆಂಕಟೇಶ ಗಡ್ಡ ಕೆರೆದುಕೊಳ್ಳುತ್ತ ಕೇಳಿದ: "ಅಲ್ಲೋ ಕೆಂಚೇಶಾ, ವಾರಕ್ಕೆ ಮೂರು ದಿನ ಹೋಗಿ ಬಂದ್ರೆ ನನ್ನ ಗಾಡಿ ಇನ್ನೂರ ನಲವತ್ತು ಕಿಲೋಮೀಟ್ರು ಓಡ್ತೈತೆ. ನೀನು ಗುಂಪಿನಾಗೆ ಹಾಕಿದ ಮೀಟರಿನ ಫೋಟೋದಾಗೆ ವಾರಕ್ಕೆ ಇನ್ನೂರ ಎಂಬತ್ತು ಐತಲ್ಲ. ಮಿಕ್ಕಿದ್ದು ಎಲ್ಲಿ ಓಡಿಸ್ದಿ?"

"ಎಲ್ಲೋ ಓಡ್ಸಿರ್ತೀನಪ್ಪ, ಅಂಗಡಿ ಅಂತ, ಆಸ್ಪತ್ರೆ ಅಂತ," ಎಂದು ರೇಗಿದೆ. ಎಲ್ಲಿ ಓಡಿಸಿದ್ದೆ ಎಂದು ನನಗೇ ನೆನಪಾಗಲಿಲ್ಲ. ಆ ರೇಗಿನಲ್ಲೇ, ತಪ್ಪಾಯಿತು ಎನ್ನಬೇಕಾದ ಬಾಯಿಂದ ಇನ್ನೊಂದು ಮಾತು ಹೊರಟಿತು: "ಶುಕ್ರವಾರ ಬಾನೆಟ್ ತೆಗೆದಿದ್ದನಲ್ಲ! ಆಗ್ಲೇ ನನ್ನ ಇಂಜೆಕ್ಟರು ವಾಪಸ್ ಹಾಕ್ಯಾನೆ. ಕಳ್ಳರಿಗೆ ಐದು ನಿಮಿಷ ಸಾಕು."

ಐದು ನಿಮಿಷದಲ್ಲಿ ಇಂಜೆಕ್ಟರು ಬದಲಿಸಲಾಗುವುದಿಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು. ನನಗೂ ಗೊತ್ತು.

ಕಲೀಮುಲ್ಲಾ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. "ಅಣ್ಣಾ, ಗಾಡಿ ಬಗ್ಗೆ ನಾನು ಹೇಳಬೇಕಾದ್ದು ಹೇಳೀನಿ. ಮಿಕ್ಕಿದ್ದು ನಾನು ಹೇಳಾಂಗಿಲ್ಲ," ಎಂದು ನಡೆದುಬಿಟ್ಟ. ಸಂಜೆ ಗುಂಪಿನಲ್ಲಿ ಒಂದು ಸಾಲು ಕಾಣಿಸಿತು: ಕಲೀಮುಲ್ಲಾ ಗುಂಪಿನಿಂದ ಹೊರಹೋಗಿದ್ದಾರೆ.

ವೆಂಕಟೇಶನ ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಕಾಡತೊಡಗಿತು. ಸೋಮವಾರ ಸಂಜೆ ಕಾರು ನಿಲ್ಲಿಸಿದಾಗ ಮೀಟರು ನೋಡಿ ಅಂಗೈ ಮೇಲೆ ಬರೆದುಕೊಂಡೆ. ಮಂಗಳವಾರ ವೆಂಕಟೇಶನ ಕಾರಿನಲ್ಲಿ ಹೋಗಿ ಬಂದು ನೋಡಿದರೆ, ಇಡೀ ದಿನ ಹೊದಿಕೆ ಹೊದ್ದು ಮಲಗಿದ್ದ ನನ್ನ ಕಾರು ಹದಿನಾಲ್ಕು ಕಿಲೋಮೀಟರು ಓಡಿತ್ತು. ಯಾರೋ ಹಗಲುಹೊತ್ತಿನಲ್ಲೇ ನನ್ನ ಕಾರು ಕದ್ದು ಓಡಿಸಿ ತಂದಿಡುತ್ತಿದ್ದಾರೆ! ಮನೆಯಲ್ಲಿ ಏನೂ ಹೇಳಲಿಲ್ಲ. ಗುರುವಾರ ಅರ್ಧ ದಿನ ರಜೆ ಹಾಕಿ ಬಸ್ಸು ಹಿಡಿದು ಬಂದು, ಸ್ಟಾಪಿನಲ್ಲಿಳಿದು, ಕೈಗೆ ಸಿಕ್ಕ ಕೋಲೊಂದನ್ನು ಹಿಡಿದುಕೊಂಡೇ ಹೊರಟೆ.

ಮನೆಯ ಮುಂದೆ ಹೊದಿಕೆ ಮಾತ್ರ ಬಿದ್ದಿತ್ತು. ಇಂಜಿನಿನ ಸದ್ದು ಹಿತ್ತಲ ಕಡೆಯ ಕಣದಿಂದ ಬರುತ್ತಿತ್ತು.

ಕಣದ ತುಂಬ ರಾಗಿ ತೆನೆ ಹರಡಿತ್ತು. ಅದರ ಮೇಲೆ ನನ್ನ ಕಾರು ಫಸ್ಟ್ ಗೇರಿನಲ್ಲಿ ಹೂಂಕರಿಸುತ್ತ ಸುತ್ತುತ್ತಿತ್ತು. ಸ್ಟೀರಿಂಗು ಹಿಡಿದವಳು ಚೈತ್ರಶ್ರೀ. ಸೀಟು ಪೂರ್ತಿ ಮುಂದೆ ಎಳೆದುಕೊಂಡು, ಗಾಜಿಗೆ ಮೂಗು ತಾಗುವಷ್ಟು ಬಾಗಿ ಕೂತಿದ್ದಳು. ನಡುವೆ ನಮ್ಮವ್ವ ಕೊಲ್ಲಾಪುರಮ್ಮ ಬರಲು ಪೊರಕೆ ಹಿಡಿದು ನಿಂತು, "ಒಳಕ್ಕೆ ತಿರುಗ್ಸೇ, ಆ ಮೂಲೆ ಹಂಗೇ ಉಳೀತು!" ಎಂದು ಕೂಗುತ್ತಿದ್ದಳು. ಅಂಚಿನಲ್ಲಿ ಓಣಿಯ ಹೆಂಗಸರು ತಮ್ಮ ತಮ್ಮ ಹೊರೆ ಇಟ್ಟುಕೊಂಡು ಸರದಿಗೆ ಕಾದಿದ್ದರು. ಅವರಲ್ಲಿ ವೆಂಕಟೇಶನ ತಾಯಿ ಲಕ್ಷ್ಮಮ್ಮನೂ ಇದ್ದಳು, ಹುರುಳಿ ಹೊರೆಯೊಂದಿಗೆ. ಇಡೀ ಓಣಿಗೆ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ನನ್ನನ್ನು ನೋಡಿ ಕಾರು ಎರಡು ಸಲ ಜಿಗಿದು ನಿಂತಿತು.

"ಏನಿದು?" ಎಂದೆ.

ಅವ್ವನೇ ಮುಂದೆ ಬಂದಳು. "ಟ್ರ್ಯಾಕ್ಟರಿನೋರು ಇಷ್ಟು ಸಣ್ಣ ಮೆದೆಗೆ ಬರಲ್ಲ ಅಂದ್ರು ಕಣೋ. ರಸ್ತೆಗೆ ಹಾಕಿದ್ರೆ ಪೊಲೀಸ್ನೋರು ಬೈತಾರೆ. ಗಾಡಿ ಸುಮ್ನೆ ಮಲಗಿತ್ತಲ್ಲ."

ಚೈತ್ರಶ್ರೀ ಕೆಳಗಿಳಿದಳು. ಹೆದರಿರಲಿಲ್ಲ. "ಮೂರು ವರ್ಷದಿಂದ ಓಡ್ಸಾಕೆ ಕಲಿಸ್ರಿ ಅಂತ ಕೇಳ್ದೆ. ಕ್ಲಚ್ ಪ್ಲೇಟು ಹೋಗ್ತೈತೆ ಅಂದ್ರಿ. ಫೋನಿನಾಗೆ ನೋಡ್ಕೊಂಡು ಕಲ್ತೆ. ಎರಡನೇ ಗೇರು ಇನ್ನೂ ಬರಲ್ಲ."

ಎರಡು ತಿಂಗಳು ಚಳಿಯಲ್ಲಿ ಬಂಕಿನ ಮುಂದೆ ನಿಂತದ್ದು, ಪ್ಲಗ್ಗು, ಫಿಲ್ಟರು, ನಡುದಾರಿಯ ಪಂಕ್ಚರು ಎಲ್ಲ ಒಟ್ಟಿಗೆ ತಲೆಗೇರಿತು. ಕೂಗಾಡಬೇಕೆಂದು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಕಣದ ಮೂಲೆಯಲ್ಲಿದ್ದ ಎರಡು ಕೊಡ ನೀರು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಉದ್ದನೆಯ ಕೊಕ್ಕೆಯ ಕಂಬಿ.

"ಇದ್ಯಾಕೆ?"

"ಹುಲ್ಲು ಸೈಲೆನ್ಸರಿಗೆ ಸುತ್ಕೊಂಡ್ರೆ ಬಿಸಿಗೆ ಬೆಂಕಿ ಹತ್ತೈತಂತೆ. ಹತ್ತು ಸುತ್ತಿಗೊಂದ್ಸಲ ನಿಲ್ಸಿ ಕಂಬಿಲಿ ಎಳೀಬೇಕು, ನೀರು ಹತ್ರ ಇಟ್ಕೋಬೇಕು. ಕಲೀಮುಲ್ಲಾ ಭಾಯಿ ಹೇಳಿದ್ದು."

"ಅವನಿಗೆ ಹೆಂಗೆ ಗೊತ್ತು?"

"ನೀವು ಮೊದಲ್ನೇ ಸಲ ಗಾಡಿ ಬಿಟ್ಟಿದ್ರಲ್ಲ, ಹುಲ್ಲು ನೋಡೇ ಗೊತ್ತಾತಂತೆ. ಮನೆ ನಂಬರಿಗೆ ಫೋನ್ ಮಾಡಿದ್ದ. ಅಕ್ಕಾ, ಗಾಡಿ ಸುಟ್ಟೋಗ್ತೈತೆ, ಅಣ್ಣಂಗೆ ಹೇಳ್ತೀನಿ ಅಂದ. ಒಕ್ಕಣೆ ಮುಗಿಯೋ ತನಕ ಹೇಳಬ್ಯಾಡಪ್ಪ ಅಂತ ಅತ್ತೆ ಅವನ ಹತ್ರ ಭಾಷೆ ತಗೊಂಡ್ರು."

ನಾನು ಕಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ಬಂಕಿನಲ್ಲಿ ಅವನು ಬೆರಳು ಒರೆಸಿಕೊಂಡದ್ದು ಕಣ್ಣ ಮುಂದೆ ಬಂತು. ಒಂದು ಮಾತು ಹೇಳಿದ್ದರೆ ಅವನ ಹೆಸರು ಉಳಿಯುತ್ತಿತ್ತು. ನಿನ್ನ ಹೆಂಡತಿ ಒಕ್ಕಣೆ ಮಾಡ್ತಾಳೆ ಅಂದಿದ್ದರೆ ಇಪ್ಪತ್ತು ಜನ ನನ್ನನ್ನು ನೋಡಿ ನಗುತ್ತಿದ್ದರು. ಅವನು ಸುಮ್ಮನಿದ್ದ, ನಾನು ಕಳ್ಳ ಎಂದೆ.

ಗುಂಪಿನಲ್ಲಿ ನಡೆದದ್ದು ಇವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವ್ವ ಬರಲನ್ನು ಕೆಳಗೆ ಬಿಟ್ಟಳು. ಚೈತ್ರಶ್ರೀ ಬಂದು ನನ್ನ ಪಕ್ಕದಲ್ಲಿ ಕೂತಳು.

ಫೋನು ತೆಗೆದು "ಸಣ್ಣ ತಪ್ಪು ತಿಳುವಳಿಕೆಯಿಂದ" ಎಂದು ಬರೆಯತೊಡಗಿದೆ. ಅವಳು ಬಗ್ಗಿ ಓದಿದಳು.

"ಅದನ್ನ ಅಳಿಸ್ರಿ. ನನ್ನ ಹೆಸರು ಹಾಕಿ ಬರೀರಿ. ರಾಗಿ ಒಕ್ಕಿದ್ದು ನಾನು, ಕಳ್ಳ ಅಂದಿದ್ದು ನೀವು."

ಹಾಗೆಯೇ ಬರೆದೆ. ಒಂದೇ ಗಳಿಗೆಗೆ ನಗುವ ಮುಖಗಳು ಸಾಲುಸಾಲಾಗಿ ಬಂದವು. ಬಸವರಾಜಪ್ಪನವರು, "ನಮ್ಮ ಮನೆಯಾಗೂ ಒಂದ್ಸಲ ಕೇಳ್ಬೇಕಪ್ಪ," ಎಂದರು. ನೂರ ಮೂವತ್ತೊಂಬತ್ತು ಜನ ಓದಿದರು. ಓದಬೇಕಾದವನು ಗುಂಪಿನಲ್ಲಿರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ಆಗಲೇ ಕಾರು ಹೊರಗೆ ತೆಗೆದು ಹೊನ್ನಾಳಿಗೆ ಹೊರಟೆ. ಸೀಟು ಹಿಂದೆ ಸರಿಸುವುದೂ ನೆನಪಾಗಲಿಲ್ಲ. ನಲವತ್ತು ಕಿಲೋಮೀಟರೂ ಮೊಣಕಾಲು ಬಡಿಯುತ್ತಲೇ ಇತ್ತು. ಗ್ಯಾರೇಜಿನಲ್ಲಿ ಸದಾ ನಾಲ್ಕೈದು ಗಾಡಿ ನಿಂತಿರುತ್ತಿದ್ದವು. ಅವತ್ತು ಒಂದು ಹಳೆಯ ಆಟೋ ಇತ್ತು.

"ಕಲೀಮುಲ್ಲಾ, ತಪ್ಪಾತಪ್ಪ," ಎಂದೆ. "ಎಲ್ಲ ಗೊತ್ತಾತು. ಗುಂಪಿನಾಗೂ ಬರೆದೀನಿ. ಹದಿನೈದು ವರ್ಷದಾಗೆ ನಾನು ನಿಂಗೆ ಅಂಥ ಮಾತು ಅನ್ನಬಾರ್ದಾಗಿತ್ತು."

ಅವನು ಹೂಂ ಎಂದ. ಗೋಣಿಚೀಲ ಹಾಸಿ ನನ್ನ ಕಾರಿನಡಿ ಮಲಗಿದ. ಹುಲ್ಲು ಹಿಡಿಹಿಡಿಯಾಗಿ ಹೊರಗೆ ಬಂತು, ಹಿಂದಿನ ಸಲಕ್ಕಿಂತ ಕಡಿಮೆ. ಎದ್ದು ಬಾಗಿಲು ತೆರೆದು, ಸೀಟನ್ನು ನನ್ನ ಕಾಲಿಗೆ ಸರಿಯಾಗುವಷ್ಟು ಹಿಂದೆ ತಳ್ಳಿದ. ಎಷ್ಟು ತಳ್ಳಬೇಕೆಂದು ಅವನಿಗೆ ಅಳತೆ ಗೊತ್ತಿತ್ತು.

"ಅಕ್ಕಾರು ಕಂಬಿಲಿ ಚೆನ್ನಾಗಿ ಎಳೆದಾರೆ," ಎಂದ. "ಸೆಕೆಂಡ್ ಗೇರು ನೀವೇ ಕಲಿಸಿಬಿಡ್ರಿ."

"ಕಲಿಸ್ತೀನಿ. ಮುಂದಿನ ತಿಂಗಳು ಸರ್ವೀಸಿಗೆ ಇಲ್ಲೇ ತರ್ತೀನಿ ಕಣಪ್ಪ."

ಅವನು ಕೈ ಒರೆಸಿಕೊಂಡು ಆಟೋದ ಕಡೆ ತಿರುಗಿದ.

"ತನ್ರಿ, ಸರ್," ಎಂದ.