ಸುಣ್ಣದಡಿಯ ಹಳದಿ

"ಮೆಲ್ಲಗೆ! ಚೌಕಟ್ಟಿಗೆ ತಾಗಿಸಬೇಡಿ!"

ಶವಪೆಟ್ಟಿಗೆ ಹೊತ್ತವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಕೂಗಿದ್ದು ಕೇರಾ. ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವಳ ಸೊಸೆ ರಾಲಿತ್ಸಾ. ಕೇರಾ ಹೆದರಿದ್ದು ಮಾತ್ರ ತನ್ನ ಗಂಡ ಕೆತ್ತಿದ ಬಾಗಿಲ ಮರಕ್ಕೆ.

ಮಗ ಮಿಂಚೊ ತಿರುಗಿ ನೋಡಲಿಲ್ಲ. "ತಾಗಲ್ಲಮ್ಮ," ಎಂದಷ್ಟೇ ಹೇಳಿ ಹೆಂಡತಿಯ ಪೆಟ್ಟಿಗೆಗೆ ಹೆಗಲನ್ನು ಇನ್ನಷ್ಟು ತಗ್ಗಿಸಿದ.

ಸತ್ತವಳ ಹೆಸರಲ್ಲಿ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಉದುರಿಸುತ್ತಿದ್ದ ಹೆಂಗಸರು ಖಾಲಿಯಾದ ಕೋಣೆಯನ್ನು ನೋಡಿದರು. ಮೇಲೆ ಅಕ್ರೋಟು ಮರದ ಕಪ್ಪು ಸೂರು, ಒಂದು ಗೋಡೆಯುದ್ದಕ್ಕೂ ಕೆತ್ತನೆಯ ಕಪ್ಪು ಕಪಾಟು. ಉಳಿದದ್ದೆಲ್ಲ ಸುಣ್ಣದ ಬಿಳಿ.

"ರಾಲಿತ್ಸಾಳ ಕೈ ನೋಡ್ರೇ. ಹಾಲು ಬಳಿದ ಹಾಗಿದೆ ಗೋಡೆ," ಎಂದಳು ಒಬ್ಬಳು.

"ನನ್ನ ಸೊಸೆಗೆ ಪೊರಕೆ ಹಿಡಿಯೋಕೇ ಬರಲ್ಲ, ಇನ್ನು ಸುಣ್ಣ ಬಳೀತಾಳಾ!" ಎಂದಳು ಪಕ್ಕದ ಮನೆಯ ಪೆನಾ. "ಕೇರಕ್ಕ, ನೀನು ಪುಣ್ಯವಂತೆ. ಎದುರಾಡದ ಸೊಸೆ."

ಕೇರಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಹೌದು. ಎದುರಾಡಲಿಲ್ಲ."

*

ಟ್ರ್ಯಾವ್ನಾ ಊರಿನ ಸುತ್ತ ಈಸ್ಟರ್‌ಗೆ ಮುಂಚೆ ಸುಣ್ಣ ಕಾಣದ ಮನೆಯಿಲ್ಲ. ಪ್ರತಿ ವಸಂತದಲ್ಲೂ ಸುಣ್ಣ ನೆನೆಹಾಕುವ ಹೊತ್ತಿಗೆ ರಾಲಿತ್ಸಾ ಕೇಳುತ್ತಿದ್ದಳು.

"ಅತ್ತೆ, ಈ ಸಲ ಚೂರು ನೀಲಿ ಬೆರೆಸ್ಲಾ?"

"ನೀಲಿ ಹೊರಗೋಡೆಗೆ."

"ತಿಳಿಹಸಿರು?"

"ಇದೇನು ಔಷಧಿ ಅಂಗಡಿನಾ?"

"ಅಷ್ಟು ಕಪ್ಪು ಮರ, ಪಕ್ಕದಲ್ಲೇ ಬರೀ ಬಿಳಿ. ಕಣ್ಣು ಚುಚ್ಚುತ್ತೆ ಅತ್ತೆ. ಮಾವ ಕೆತ್ತಿದ ಎಲೆ, ಹಕ್ಕಿ ಒಂದೂ ಕಾಣಲ್ಲ. ಮಸಿ ಮೆತ್ತಿದ ಹಾಗಿದೆ."

"ನಿನ್ನ ಮಾವ ಕೆತ್ತುವಾಗ ನೀನು ಹುಟ್ಟೇ ಇರಲಿಲ್ಲ."

ಈ ವರ್ಷ ಅವಳು ಕೇಳಲಿಲ್ಲ. ಪವಿತ್ರ ಗುರುವಾರ ಕೇರಾ ಚರ್ಚಿನಿಂದ ಬಂದು ಬಾಗಿಲು ತೆಗೆದರೆ ಕೋಣೆಯ ತುಂಬ ಜೇನುಮೇಣದ ಬಣ್ಣ. ಹೊಳೆದಂಡೆಯ ಹಳದಿ ಮಣ್ಣನ್ನು ಸೋಸಿ ಸುಣ್ಣಕ್ಕೆ ಬೆರೆಸಿದ್ದಳು. ಕಪಾಟಿನ ಮೇಲೆ ಹಕ್ಕಿಗಳು ಒಂದೊಂದಾಗಿ ಎದ್ದು ಕೂತಿದ್ದವು. ಮರ ಕಪ್ಪಲ್ಲ, ಒಳಗೆಲ್ಲೋ ಕೆಂಪು ಹೊತ್ತುಕೊಂಡಿದೆ ಎಂದು ಕೇರಾಳಿಗೆ ಆಗ ಗೊತ್ತಾಯಿತು. ಗಂಡನೊಡನೆ ಬಾಳಿದ ಅಷ್ಟು ವರ್ಷ ತನಗೆ ಕಾಣದ್ದು ಹೊರಗಿನಿಂದ ಬಂದ ಈ ಹೆಣ್ಣಿಗೆ ಕಂಡಿತಲ್ಲ! ಸಿಟ್ಟು ಬಂದದ್ದು ಅದಕ್ಕೆ.

"ನಾಳೆ ಶುಭ ಶುಕ್ರವಾರ, ಕೆಲಸ ಮುಟ್ಟೋ ಹಾಗಿಲ್ಲ. ಇವತ್ತೇ ಬಿಳಿ ಆಗಬೇಕು."

ರಾಲಿತ್ಸಾ ಕೆನ್ನೆಗೆ ಹಾರಿದ ಬಣ್ಣವನ್ನು ತೋಳಿನಿಂದ ಒರೆಸಿಕೊಂಡಳು. "ನಿಮಗೆ ಒಂಚೂರೂ ಹಿಡಿಸಲಿಲ್ವಾ ಅತ್ತೆ?"

"ಇಲ್ಲ."

ಪ್ರಾರ್ಥನೆ ಮುಗಿಸಿ ಬಂದ ಅದೇ ಬಾಯಿ ಹಾಗೆಂದಿತು. ರಾಲಿತ್ಸಾ ಮತ್ತೆ ಏಣಿ ಹತ್ತಿ, ಇನ್ನೂ ಆರದ ಹಳದಿಯ ಮೇಲೆಯೇ ಬಿಳಿ ಬಳಿದಳು. ಮಿಂಚೊ ಕಾಡಿನ ಕೆಲಸದಿಂದ ಬರುವಷ್ಟರಲ್ಲಿ ಮನೆ ಎಂದಿನಂತಿತ್ತು. ಅವಳು ಗಂಡನಿಗೂ ಹೇಳಲಿಲ್ಲ. ಎಲೆ ಉದುರುವ ಕಾಲಕ್ಕೆ ಅವಳ ಎದೆಬಡಿತ ಒಮ್ಮೆಲೇ ನಿಂತುಹೋಯಿತು.

*

ಸಾವಿನ ಮನೆಯನ್ನು ಬರಿದಾಗಿ ಬಿಡಬಾರದು. ಉಳಿದವರೆಲ್ಲ ಸ್ಮಶಾನಕ್ಕೆ ನಡೆದಾಗ ಕೇರಾ ಉಳಿದಳು. ಊಟದ ಮೇಜು ಅಣಿಮಾಡಲು ಪೆನಾ ಉಳಿದಳು. ತಟ್ಟೆಗಳನ್ನು ಹಿಡಿದು ಒಳಬಂದ ಪೆನಾ ಬೆಚ್ಚಿದಳು. ಕೇರಾ ಬ್ರೆಡ್ ಕೊಯ್ಯುವ ಚಾಕು ಹಿಡಿದು ಗೋಡೆ ಕೆರೆಯುತ್ತಿದ್ದಳು.

"ಅಯ್ಯೋ, ತಲೆ ಕೆಟ್ಟಿದೆಯಾ ಕೇರಕ್ಕ? ಸಾವಾಗಿ ನಲವತ್ತು ದಿನ ತುಂಬೋ ಮುಂಚೆ ಗೋಡೆ ಮುಟ್ತಾರಾ!"

"ಮಿಂಚೊ ಬರೋದ್ರೊಳಗೆ ಒಂದು ಅಂಗೈಯಷ್ಟು ಹಳದಿ ಬಿಡಿಸಬೇಕು. ಅವನು ನೋಡಲಿ. ಅವಳು ಮಾಡಿದ್ದಳು ಪೆನಾ, ನಾನೇ ಮುಚ್ಚಿಸಿದೆ. ಚೆಂದ ಇತ್ತು."

"ಅದನ್ನ ಅವಳಿಗೆ ಹೇಳಿದ್ಯಾ?"

ಕೇರಾ ಚಾಕು ಒತ್ತಿದಳು. ಬಿಳಿ ಎದ್ದಿತು. ಎದ್ದ ಬಿಳಿ ಹಳದಿಯನ್ನೂ ಕಿತ್ತುಕೊಂಡೇ ಬಂತು. ಹಿಂದೆ ಉಳಿದದ್ದು ಹಳೆಯ ವರ್ಷಗಳ ಬಿಳಿ ಸುಣ್ಣ. ಕಿಟಕಿಯ ಹತ್ತಿರ ಕೆರೆದಳು. ಅಲ್ಲೂ ಹಳೆಯ ಬಿಳಿಯೇ. ಹಸಿಯಲ್ಲೇ ಕೂಡಿದ್ದ ಎರಡು ಬಣ್ಣ ಬೇರೆಯಾಗಲು ಒಪ್ಪಲಿಲ್ಲ.

ಪೆನಾ ತಟ್ಟೆಗಳನ್ನು ಕೆಳಗಿಟ್ಟಳು.

ಹೊರಗೆ ಸ್ಮಶಾನದಿಂದ ಬಂದವರು ಕೈ ತೊಳೆಯುವ ಸದ್ದಾಯಿತು. ಕೇರಾ ಬಗ್ಗಿ ಚಕ್ಕೆಗಳಲ್ಲಿ ಕೈಯಾಡಿಸಿ ಉಗುರಗಲದ ಒಂದನ್ನು ಆರಿಸಿದಳು. ಒಂದು ಬದಿ ಬಿಳಿ, ಒಂದು ಬದಿ ಹಳದಿ.

"ಅಮ್ಮಾ?" ಒದ್ದೆ ಕೈಯ ಮಿಂಚೊ ಬಾಗಿಲಲ್ಲಿ ನಿಂತಿದ್ದ.

ಅವಳು ಹಳದಿಯ ಬದಿಯನ್ನು ಅವನತ್ತ ತಿರುಗಿಸಿ ಕಪಾಟಿನ ಒಂದು ಹಕ್ಕಿಯ ರೆಕ್ಕೆಯ ಪಕ್ಕಕ್ಕೆ ಹಿಡಿದಳು. ಚಕ್ಕೆ ಪುಡಿಯಾಗದಂತೆ ಉಸಿರು ಬಿಗಿಹಿಡಿದು, ಕೈ ಇಳಿಸದೆ ನಿಂತಳು.