ಕ್ಯಾಡೋ ಕುಡಿಕೆಯ ಗಂಜಿ

ನನ್ನ ಗಂಡ ಕಾಂತಪ್ಪ ಹಸಿದುಕೊಂಡೇ ಸತ್ತರು. ಆಸ್ಪತ್ರೆಯಲ್ಲಿ, ನಾನು ಪಕ್ಕದಲ್ಲೇ ಇದ್ದೆ. ಆಪರೇಷನ್ ಮುಂದೆ ಹೋಗುತ್ತಾ ಹೋಗುತ್ತಾ ಇಡೀ ದಿನ ಉಪವಾಸ. "ವಸಂತಿ, ಒಂದು ಸೌಟು ಗಂಜಿ ಕೊಡು ಮಾರಾಯ್ತಿ" ಎಂದು ಕೇಳುತ್ತಲೇ ಇದ್ದರು. ಮೂವತ್ತು ವರ್ಷ ನರ್ಸ್ ಆಗಿದ್ದವಳಿಗೆ ರೂಲ್ಸ್ ಯಾರಾದರೂ ಹೇಳಿಕೊಡಬೇಕೇ? ಕೊಡಲಿಲ್ಲ. ಸಂಜೆ ಆಪರೇಷನ್ ಟೇಬಲ್ಲಿನ ಮೇಲೆಯೇ ಹೋದರು.

ಅದಕ್ಕೇ ೨೦೧೧ರ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಅವರಿಗೆ ಮೊದಲ ಅಗೆಲು ಬಡಿಸುವಾಗ ಗಂಜಿಯನ್ನೇ ಮೊದಲು ಬೇಯಿಸಿದೆ. ತುಳುವರಾದ ನಮ್ಮಲ್ಲಿ ಹೀಗೊಂದು ಕ್ರಮ: ಸತ್ತವರಿಗೆ ಎಲೆ ಹಾಕಿ, ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು. ಉಂಡಿರಬಹುದು ಅನ್ನಿಸಿದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಈ ಪರದೇಶದ ಪೋರ್ಟ್ ಕ್ರೆಡಿಟ್ ಊರಿನ ನಮ್ಮ ಬೇಸ್‌ಮೆಂಟಿನಲ್ಲಿ, ಸ್ಮೋಕ್ ಅಲಾರಮ್ಮಿಗೆ ಹೆದರಿ ಊದುಬತ್ತಿಯನ್ನೂ ಹಚ್ಚದೆ, ಫ್ರೀಜರಿನ ಬಾಳೆಲೆಯಲ್ಲಿ ಅನ್ನ, ಕೋಳಿ, ಹುರಿದ ಬಂಗುಡೆ ಮೀನು ಬಡಿಸಿದೆ. ಗಂಜಿಯನ್ನು ಮಾತ್ರ ಅವರ ಪ್ರೀತಿಯ ಮಣ್ಣಿನ ಕುಡಿಕೆಯಲ್ಲಿಟ್ಟೆ.

ಆ ಕುಡಿಕೆ ಅಂಗೈಯಷ್ಟೇ ದೊಡ್ಡದು, ಹೊಟ್ಟೆಯ ಸುತ್ತ ಸುರುಳಿ ಗೀರು. ಎಪ್ಪತ್ಮೂರರಲ್ಲಿ ಟೆಕ್ಸಾಸಿನ ಒಂದು ಡ್ಯಾಮಿಗೆ ಇವರು ಸರ್ವೆ ಮಾಡುವಾಗ ಮಣ್ಣಿನ ದಿಬ್ಬವೊಂದರಿಂದ ಎತ್ತಿಕೊಂಡು ಬಂದದ್ದು. ಹೇಗೂ ನೀರಲ್ಲಿ ಮುಳುಗುವ ಜಾಗ, ಯಾರಿಗೆ ನಷ್ಟ ಅನ್ನುತ್ತಿದ್ದರು. ಅಂದಿನಿಂದ ಅದರಲ್ಲಿ ಪೆನ್ನುಗಳು ನಿಂತಿದ್ದವು.

ಬಾಗಿಲು ತೆರೆದಾಗ ಎಲೆ ಬಡಿಸಿದಂತೆಯೇ ಇತ್ತು. ಕುಡಿಕೆ ಮಾತ್ರ ನೆಕ್ಕಿದ ಹಾಗೆ ಖಾಲಿ. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ.

ಆಮೇಲೆ ದಿನಾ ಮಧ್ಯಾಹ್ನ ಗಂಜಿ ಇಡತೊಡಗಿದೆ. ದಿನಾ ಖಾಲಿಯಾಗುತ್ತಿತ್ತು. ಒಂದೇ ವಿಷಯ ಸರಿ ಕಾಣಲಿಲ್ಲ. ಮುಚ್ಚಿದ ಬಾಗಿಲ ಆಚೆ, ಬೇಸ್‌ಮೆಂಟಿಗೆ ಬರಿಗಾಲು ದಡದಡ ಮೆಟ್ಟಿಲಿಳಿಯುವ ಸದ್ದು. ಇವರು ಮಂಡಿನೋವಿಗೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದವರು. ಸತ್ತ ಮೇಲೆ ನೋವೆಲ್ಲಿ ಎಂದು ಸಮಾಧಾನ ಮಾಡಿಕೊಂಡೆ.

ಮೊಮ್ಮಗಳು ತೃಷಾ ಮ್ಯೂಸಿಯಂ ವಿಷಯ ಓದುವವಳು. ಕುಡಿಕೆಯ ಫೋಟೋ ತೆಗೆದು ಪ್ರೊಫೆಸರಿಗೆ ಕಳಿಸಿದ್ದಳು. ಒಂದು ಶನಿವಾರ ಬಂದು, "ಅಜ್ಜೀ, ಸಿಟ್ ಡೌನ್. ದಿಸ್ ಈಸ್ ಕ್ಯಾಡೋ. ಇಟ್ಸ್ ಫ್ರಮ್ ಎ ಗ್ರೇವ್" ಎಂದಳು.

ಕ್ಯಾಡೋ ಎಂದರೆ ಆ ದಿಬ್ಬಗಳನ್ನು ಕಟ್ಟಿದ ಮೂಲನಿವಾಸಿ ಜನ. ತಮ್ಮ ನೆಲದಿಂದ ಓಡಿಸಲ್ಪಟ್ಟು ಈಗ ಓಕ್ಲಹೋಮಾದಲ್ಲಿದ್ದಾರೆ. ಉಳಿದ ದಿಬ್ಬಗಳಿಗೆ ಸರಕಾರ ಹಿಸ್ಟಾರಿಕ್ ಸೈಟ್ ಎಂದು ಬೋರ್ಡು ಹಾಕಿದೆ. ನನ್ನ ಗಂಡ ಅಳೆದ ದಿಬ್ಬಕ್ಕೆ ಬೋರ್ಡೂ ಇಲ್ಲ, ಅದು ನೀರಿನಡಿ. ತೃಷಾ ಆ ಜನರ ಹೆಂಗಸೊಬ್ಬರಿಗೆ ಫೋನ್ ಮಾಡಿಕೊಟ್ಟಳು. ಸತ್ತವರ ದಾರಿಗೆಂದು ಕುಡಿಕೆಯಲ್ಲಿ ಊಟ ಇಟ್ಟು ಜೊತೆಗೆ ಹೂಳುವುದು ಅವರ ಹಿರಿಯರ ಕ್ರಮವಂತೆ. ಇಷ್ಟು ಚಿಕ್ಕದಾದರೆ ಮಗುವಿನದ್ದಿರಬಹುದು ಎಂದರು. ವಾಪಸು ಕಳಿಸುವಿರಾ ಎಂದು ಮೆತ್ತಗೆ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಸತ್ತ ಮಗುವಿನ ಬುತ್ತಿ ಕಿತ್ತು ತಂದು ಅದರಲ್ಲಿ ಪೆನ್ನಿಟ್ಟರಲ್ಲ, ಇಂಜಿನಿಯರ್ ಸಾಹೇಬರು! ಮಾಡಿದ್ದುಣ್ಣೋ ಮಹರಾಯ ಅಂತ ಅವರ ಫೋಟೋಕ್ಕೆ ಹೇಳಿಯೂ ಬಿಟ್ಟೆ. ಹೇಳಿದ ಮೇಲೆ ಹೊಳೆಯಿತು. ಗಂಜಿ ಕುಡಿದದ್ದು ಇವರಲ್ಲ, ಆ ಮಗು. ಇವರ ಹಸಿವು ಹಾಗೇ ಇತ್ತು.

ಕುಡಿಕೆಯನ್ನು ತೃಷಾಳೇ ಒಯ್ದು ಒಪ್ಪಿಸುವುದೆಂದಾಯಿತು. ಹೊರಡುವ ಹಿಂದಿನ ಮಧ್ಯಾಹ್ನ ಅದರ ತುಂಬ ಗಂಜಿ ಹಾಕಿದೆ, ಸ್ವಲ್ಪ ಬೆಲ್ಲವನ್ನೂ. ಪಕ್ಕದಲ್ಲಿ ಇವರ ಎಲೆ, ಅನ್ನ, ಇಡೀ ಬಂಗುಡೆ. "ಮಗಾ, ಹೊಟ್ಟೆ ತುಂಬ ಉಣ್ಣು. ನಾಳೆ ನಿನ್ನ ಜನರ ಹತ್ರ ಹೋಗ್ಲಿಕ್ಕುಂಟು" ಎಂದು ಬಾಗಿಲು ಮುಚ್ಚಿದೆ.

ಬರಿಗಾಲಿನ ಸದ್ದು ಕೇಳಿಸಿತು. ಅದರ ಹಿಂದೆ ಇನ್ನೊಂದು, ಭಾರವಾದದ್ದು, ನಿಂತು ನಿಂತು ಇಳಿಯುವಂಥದ್ದು.

ನಾನು ತಟ್ಟಿ ಒಳಗೆ ಹೋದಾಗ ಕುಡಿಕೆ ಖಾಲಿಯಿತ್ತು. ಎಲೆಯ ಮೇಲಿನ ಬಂಗುಡೆಯ ಮುಳ್ಳುಗಳನ್ನು ಯಾರೋ ಒಂದೊಂದಾಗಿ ಬಿಡಿಸಿ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದರು. ಇವರು ತಮಗಾಗಿ ಎಂದೂ ಮುಳ್ಳು ಬಿಡಿಸಿದವರಲ್ಲ, ಕರಕರ ಅಗಿಯುವವರು. ನಮ್ಮ ಮಕ್ಕಳು ಸಣ್ಣವರಿದ್ದಾಗ ಅವರಿಗೆ ಮಾತ್ರ ಹೀಗೆ ಬಿಡಿಸಿಕೊಡುತ್ತಿದ್ದರು. ಮೀನು ಒಂದು ಚೂರೂ ಉಳಿದಿರಲಿಲ್ಲ. ಇವರ ಅನ್ನವನ್ನು ಯಾರೂ ಮುಟ್ಟಿರಲಿಲ್ಲ.

ನಾನು ಮೇಲೆ ಹೋಗಿ ಇನ್ನೊಂದು ಮೀನು ಹುರಿದು ತಂದೆ. "ಈಗ ನೀವು ಉಣ್ಣಿ" ಎಂದು ಹೇಳಿ, ಬಾಗಿಲು ಮುಚ್ಚಿ, ಹೊರಗೆ ಕೂತೆ.